ಉಗಿ ಎಂಜಿನ್ ಎಷ್ಟು ಟನ್ ಎಳೆಯುತ್ತದೆ? ಲೆಕ್ಕ ಹಾಕುವುದು ಹೀಗೆ

ಪ್ರಶ್ನೆ: ನಮ್ಮ ಅಜ್ಜ ರಾಯಚೂರು–ಗುಂತಕಲ್ ಲೈನಿನಲ್ಲಿ ಡಬ್ಲ್ಯೂಜಿ ಉಗಿ ಎಂಜಿನ್ನಿನ ಫೈರ್‌ಮನ್ ಆಗಿದ್ದರು. ಒಂದೇ ಎಂಜಿನ್ 60 ಡಬ್ಬಿ ಎಳೆಯುತ್ತಿತ್ತು ಎನ್ನುತ್ತಿದ್ದರು. ಒಮ್ಮೆ ಬರೀ 20 ಡಬ್ಬಿ ಇದ್ದಾಗಲೂ ಏರಿನಲ್ಲಿ ಗಾಡಿ ನಿಂತುಬಿಟ್ಟಿತ್ತು ಅಂತಲೂ ಹೇಳುತ್ತಿದ್ದರು. ಎರಡೂ ನಿಜ ಇರಬಹುದಾ? ಈ ಎಂಜಿನ್ನಿನ ಎಳೆಯುವ ಬಲ 38,890 ಪೌಂಡ್ ಅಂತ ಓದಿದೆ. ಅಂದರೆ ಹದಿನೇಳೂವರೆ ಟನ್ ಚಿಲ್ಲರೆ. ಅಷ್ಟು ಬಲದ ಎಂಜಿನ್ ಸಾವಿರಾರು ಟನ್ ಹೇಗೆ ಎಳೆಯುತ್ತದೆ? ಇದನ್ನು ನಾವೇ ಲೆಕ್ಕ ಹಾಕಬಹುದಾ?
(ಓದುಗರು, ಬಳ್ಳಾರಿ)

ಉತ್ತರ: ನಿಮ್ಮ ಅಜ್ಜ ಹೇಳಿದ ಎರಡೂ ಮಾತು ನಿಜ ಇರಬಹುದು. ಲೆಕ್ಕ ಹಾಕಿದರೆ ಎರಡಕ್ಕೂ ಕಾರಣ ಸಿಗುತ್ತದೆ. ಕಾಗದ, ಪೆನ್ನು, ಗುಣಾಕಾರ, ಭಾಗಾಕಾರ ಇಷ್ಟು ಸಾಕು. ಆದರೆ ಶುರುವಿನಲ್ಲೇ ಒಂದು ಮಾತು. "ಈ ಎಂಜಿನ್ ಇಷ್ಟು ಟನ್ ಎಳೆಯುತ್ತದೆ" ಅಂತ ಒಂದೇ ಸಂಖ್ಯೆ ಯಾವ ಎಂಜಿನ್‌ಗೂ ಇಲ್ಲ. ಯಾವ ಏರಿನಲ್ಲಿ, ಯಾವ ವೇಗದಲ್ಲಿ, ಹಳಿ ಒಣಗಿದೆಯೋ ಒದ್ದೆಯೋ, ಬಾಯ್ಲರ್‌ನಲ್ಲಿ ಸ್ಟೀಮ್ ಎಷ್ಟಿದೆ ಎಂದು ಕೇಳಿದ ಮೇಲೆಯೇ ಉತ್ತರ ಬರುತ್ತದೆ.

ಮೊದಲು ನಿಮ್ಮ ಕೊನೆಯ ಗೊಂದಲ ಬಿಡಿಸೋಣ. 38,890 ಪೌಂಡ್ ಅನ್ನುವುದು ಎಂಜಿನ್ನಿನ ಗಾಲಿ ಹಳಿಯ ಮೇಲೆ ಹಾಕಬಲ್ಲ ಬಲ. ಅದು ಸರಕಿನ ತೂಕ ಅಲ್ಲ. ಸಾವಿರ ಟನ್ ಗಾಡಿಯನ್ನು ಎಂಜಿನ್ ಎತ್ತಿ ಹಿಡಿಯಬೇಕಿಲ್ಲ, ಉರುಳಿಸಿದರೆ ಸಾಕು. ಟಾರು ರಸ್ತೆಯಲ್ಲಿ ಒಂದು ಜೋಡಿ ಎತ್ತು ಆರಾಮಾಗಿ ಎಳೆಯುವ ಬಂಡಿ, ಮಳೆ ಬಿದ್ದ ಎರೆ ಹೊಲದಲ್ಲಿ ಅಲ್ಲಾಡುವುದಿಲ್ಲ ಅಲ್ವಾ? ಬಂಡಿಯ ತೂಕ ಅಷ್ಟೇ ಇದೆ, ತಡೆ ಮಾತ್ರ ಜಾಸ್ತಿಯಾಗಿದೆ. ಉಕ್ಕಿನ ಹಳಿ, ಉಕ್ಕಿನ ಗಾಲಿ ಸೇರಿದಾಗ ತಡೆ ತುಂಬಾ ಕಡಿಮೆ. ಸಮತಟ್ಟು ದಾರಿಯಲ್ಲಿ ನಿಧಾನವಾಗಿ ಓಡುತ್ತಿರುವ ಗೂಡ್ಸ್ ಡಬ್ಬಿಗೆ ಪ್ರತಿ ಟನ್‌ಗೆ ಸುಮಾರು 3 ಕೆಜಿ ಬಲ ಸಾಕು. ಅಂದರೆ ಸಾವಿರ ಟನ್‌ಗೆ 3 ಟನ್ ಬಲ. ರೈಲು ಹುಟ್ಟಿ ಬೆಳೆದದ್ದೇ ಈ ಒಂದು ಅನುಕೂಲದಿಂದ.

ಈಗ ಆ 38,890 ಎಲ್ಲಿಂದ ಬಂತು ಎಂದು ನೋಡೋಣ. ಡಬ್ಲ್ಯೂಜಿ ನಮ್ಮ ಬ್ರಾಡ್‌ಗೇಜಿನ ಗೂಡ್ಸ್ ಎಂಜಿನ್. ಪಶ್ಚಿಮ ಬಂಗಾಳದ ಚಿತ್ತರಂಜನ್ ರೈಲು ಎಂಜಿನ್ ಕಾರ್ಖಾನೆಯಿಂದ 1950ರಲ್ಲಿ ಹೊರಬಂದ ಮೊದಲ ಎಂಜಿನ್ ಇದೇ ಜಾತಿಯದು, ಹೆಸರು ದೇಶಬಂಧು. ಇದಕ್ಕೆ ಎರಡು ಸಿಲಿಂಡರ್. ಒಂದೊಂದರ ವ್ಯಾಸ 21.875 ಇಂಚು. ಪಿಸ್ಟನ್ ಹೋಗಿಬರುವ ದೂರ, ಅಂದರೆ ಸ್ಟ್ರೋಕ್, 28 ಇಂಚು. ಚಾಲಕ ಗಾಲಿಯ ವ್ಯಾಸ 61.5 ಇಂಚು. ಬಾಯ್ಲರ್ ಒತ್ತಡ ಚದರ ಇಂಚಿಗೆ 210 ಪೌಂಡ್. ಲೆಕ್ಕ ಹೀಗೆ: 0.85 × ಒತ್ತಡ × ಸಿಲಿಂಡರ್ ವ್ಯಾಸ × ಸಿಲಿಂಡರ್ ವ್ಯಾಸ × ಸ್ಟ್ರೋಕ್ ÷ ಗಾಲಿಯ ವ್ಯಾಸ. ಹಾಕಿ ನೋಡಿ, 38,890 ಬರುತ್ತದೆ. ಕೆಜಿಯಲ್ಲಿ ಸುಮಾರು 17,600.

ಈ ಸೂತ್ರವನ್ನು ಬಾಯಿಪಾಠ ಮಾಡಬೇಡಿ, ಅದು ಹುಟ್ಟಿದ ದಾರಿ ಚೆನ್ನಾಗಿದೆ. ಗಾಲಿ ಒಂದು ಸುತ್ತು ಹಾಕುವಷ್ಟರಲ್ಲಿ ಪ್ರತಿ ಪಿಸ್ಟನ್ ಒಮ್ಮೆ ಮುಂದೆ, ಒಮ್ಮೆ ಹಿಂದೆ ಹೋಗುತ್ತದೆ. ಎರಡೂ ಸಲ ಸ್ಟೀಮ್ ತಳ್ಳುತ್ತದೆ. ಎರಡು ಸಿಲಿಂಡರ್ ಸೇರಿ ನಾಲ್ಕು ತಳ್ಳು. ಒಂದೊಂದು ತಳ್ಳಿನ ಬಲ ಎಂದರೆ ಒತ್ತಡ ಗುಣಿಸು ಪಿಸ್ಟನ್ನಿನ ವಿಸ್ತೀರ್ಣ. ವಿಸ್ತೀರ್ಣದಲ್ಲಿ ಒಂದು ಪೈ ಇದೆ, ಕೆಳಗೊಂದು 4 ಇದೆ. ನಾಲ್ಕು ತಳ್ಳಿಗೆ ಆ 4 ಹೊಡೆದುಹೋಗುತ್ತದೆ. ಅಷ್ಟೂ ಕೆಲಸದಿಂದ ಎಂಜಿನ್ ಮುಂದೆ ಸಾಗಿದ ದೂರ ಗಾಲಿಯ ಸುತ್ತಳತೆ. ಅದರಲ್ಲೂ ಒಂದು ಪೈ ಇದೆ, ಹಾಗಾಗಿ ಪೈ ಕೂಡ ಹೊಡೆದುಹೋಗುತ್ತದೆ. ಉಳಿಯುವುದು ಮೇಲಿನ ಸೂತ್ರ. 0.85 ಯಾಕೆ? ಬಾಯ್ಲರ್‌ನಲ್ಲಿರುವ ಒತ್ತಡ ಅಷ್ಟಕ್ಕಷ್ಟೇ ಸಿಲಿಂಡರ್‌ಗೆ ಬರುವುದಿಲ್ಲ. ಪೈಪು, ವಾಲ್ವುಗಳಲ್ಲಿ ಸ್ವಲ್ಪ ಕಳೆಯುತ್ತದೆ. ಸ್ಟ್ರೋಕಿನ ಕೊನೆಯವರೆಗೂ ಹೊಸ ಸ್ಟೀಮ್ ಬಿಡುವುದೂ ಇಲ್ಲ. ಅದಕ್ಕೇ ನೂರಕ್ಕೆ 85 ಎಂದು ಹಿಡಿಯುತ್ತಾರೆ.

ಗಾಲಿಯ ವ್ಯಾಸ ಕೆಳಗಡೆ ಇದೆ, ಗಮನಿಸಿ. ಗಾಲಿ ಚಿಕ್ಕದಾದಷ್ಟೂ ಬಲ ಜಾಸ್ತಿ. ಇದೇ ಬಾಯ್ಲರ್ ಒತ್ತಡದ ಡಬ್ಲ್ಯೂಪಿ ಎಂಜಿನ್ ಎಕ್ಸ್‌ಪ್ರೆಸ್ ಗಾಡಿಗಳಿಗೆ ಮಾಡಿದ್ದು. ಅದರ ಗಾಲಿ 67 ಇಂಚು, ಸಿಲಿಂಡರ್ 20.25 ಇಂಚು. ಬಲ ಸುಮಾರು 30,600 ಪೌಂಡ್ ಮಾತ್ರ. ಓಟಕ್ಕೆ ಬೇರೆ, ಎಳೆತಕ್ಕೆ ಬೇರೆ ಎಂಜಿನ್ ಮಾಡಿದ್ದು ಇದಕ್ಕೇ.

ಹಾಗಾದರೆ 17,600 ಕೆಜಿ ಯಾವಾಗಲೂ ಸಿಗುತ್ತದಾ? ಇಲ್ಲ. ಈ ಬಲಕ್ಕೆ ಎರಡು ಕಡೆ ಕಡಿವಾಣ ಇದೆ. ಒಂದು ಹಳಿಯ ಹಿಡಿತ, ಇನ್ನೊಂದು ಬಾಯ್ಲರ್.

ಹಿಡಿತದ ಮಾತು ಮೊದಲು. ಡಬ್ಲ್ಯೂಜಿಯ ಎಂಟು ಚಾಲಕ ಗಾಲಿಗಳು ನಾಲ್ಕು ಆಕ್ಸಲ್ ಮೇಲೆ ಇವೆ. ಒಂದೊಂದು ಆಕ್ಸಲ್ ಹಳಿಯ ಮೇಲೆ ಹದಿನೆಂಟೂವರೆ ಟನ್ ಚಿಲ್ಲರೆ ಒತ್ತುತ್ತದೆ. ಒಟ್ಟು ಸುಮಾರು 75 ಟನ್. ಒಣ ಹಳಿಯ ಮೇಲೆ ಈ ತೂಕದ ಕಾಲು ಭಾಗದಷ್ಟು ಬಲವನ್ನು ಗಾಲಿ ಜಾರದೆ ಹಾಕಬಹುದು. ಅಂದರೆ 18,750 ಕೆಜಿ. ಸಿಲಿಂಡರ್ ಕೊಡುವುದು 17,600. ಎರಡೂ ಎಷ್ಟು ಹತ್ತಿರ ಇವೆ ನೋಡಿ. ಇದು ಆಕಸ್ಮಿಕ ಅಲ್ಲ, ವಿನ್ಯಾಸ ಮಾಡಿದವರು ಹಾಗೆಯೇ ಕೂರಿಸಿದ್ದಾರೆ. ಸಿಲಿಂಡರ್ ಇನ್ನೂ ದೊಡ್ಡದು ಮಾಡಿದ್ದರೆ ಗಾಲಿ ಸುಮ್ನೆ ನಿಂತಲ್ಲೇ ಗಿರಗಿರ ತಿರುಗುತ್ತಿತ್ತು.

ಹಳಿ ಒದ್ದೆಯಾದರೆ ಚಿತ್ರ ಬದಲಾಗುತ್ತದೆ. ಜೋರು ಮಳೆ ಅಷ್ಟು ಕೆಟ್ಟದ್ದಲ್ಲ, ಅದು ಹಳಿಯನ್ನು ತೊಳೆದುಬಿಡುತ್ತದೆ. ಕೆಟ್ಟದ್ದು ಸಣ್ಣ ತುಂತುರು, ಬೆಳಗಿನ ಇಬ್ಬನಿ. ಹಳಿಯ ಮೇಲಿನ ಎಣ್ಣೆ, ಧೂಳು ಅದರೊಡನೆ ಕಲಸಿ ಲೇಪದಂತೆ ಕೂರುತ್ತದೆ. ಆಗ ಹಿಡಿತ ತೂಕದ ನೂರಕ್ಕೆ 15ಕ್ಕೆ ಇಳಿಯಬಹುದು. 75 ಟನ್‌ಗೆ 11,250 ಕೆಜಿ. ಸಿಲಿಂಡರ್ ಏನೇ ಕೊಡಲಿ, ಹಳಿ ತೆಗೆದುಕೊಳ್ಳುವುದು ಇಷ್ಟೇ. ಉಗಿ ಎಂಜಿನ್‌ಗೆ ಇನ್ನೊಂದು ತೊಂದರೆಯೂ ಇದೆ. ಪಿಸ್ಟನ್ ತಳ್ಳುವ ಬಲ ಗಾಲಿಯ ಒಂದು ಸುತ್ತಿನಲ್ಲೇ ಏರಿಳಿಯುತ್ತದೆ. ಸರಾಸರಿ ಬಲ ಹಿಡಿತದ ಒಳಗೇ ಇದ್ದರೂ, ಏರಿದ ಕ್ಷಣದಲ್ಲಿ ಗಾಲಿ ಜಾರಿಬಿಡಬಹುದು. ಅದಕ್ಕೇ ಗಾಲಿಯ ಮುಂದೆ ಮರಳು ಬಿಡುವ ಪೈಪು. ಮರಳು ಒಣಗಿರಬೇಕು, ಇಲ್ಲದಿದ್ದರೆ ಪೈಪಿನಲ್ಲೇ ಕಟ್ಟಿಕೊಳ್ಳುತ್ತದೆ. ಶೆಡ್‌ಗಳಲ್ಲಿ ಮರಳು ಹುರಿಯುವ ಒಲೆ ಇರುತ್ತಿದ್ದುದು ಇದೇ ಕಾರಣಕ್ಕೆ.

ಇನ್ನು ಬಾಯ್ಲರ್. ನನ್ನ ದೃಷ್ಟಿಯಲ್ಲಿ ಇಡೀ ಲೆಕ್ಕದ ಜೀವ ಇಲ್ಲಿದೆ. ಜನ ಎಳೆಯುವ ಬಲದ ಸಂಖ್ಯೆ ನೋಡಿ ಎಂಜಿನ್‌ಗಳನ್ನು ಹೋಲಿಸುತ್ತಾರೆ. ಆ ಸಂಖ್ಯೆ ಹೊರಡುವಾಗ ಮಾತ್ರ ನಿಜ. ಗಾಡಿ ಓಡುವಾಗ ಮುಖ್ಯವಾಗುವುದು ಬೆಂಕಿಗೂಡಿನ ತಳದ ಜಾಲರಿ, ಅಂದರೆ ಗ್ರೇಟ್, ಎಷ್ಟು ಅಗಲ ಇದೆ ಎಂಬುದು. ಎಂಜಿನ್ ಸುಡುವಷ್ಟು ಕಲ್ಲಿದ್ದಲಿನಿಂದಲೇ ಸ್ಟೀಮ್ ಬರಬೇಕು. ವೇಗ ಜಾಸ್ತಿಯಾದಷ್ಟೂ ಸಿಲಿಂಡರ್‌ಗಳು ನಿಮಿಷಕ್ಕೆ ಜಾಸ್ತಿ ಸಲ ಸ್ಟೀಮ್ ನುಂಗುತ್ತವೆ. ಒಂದು ಹಂತದ ಮೇಲೆ ಬಾಯ್ಲರ್ ಅಷ್ಟು ಕೊಡಲಾರದು. ಆಗ ಡ್ರೈವರ್ ರಿವರ್ಸಿಂಗ್ ಗೇರ್ ಹಿಂದಕ್ಕೆಳೆದು, ಪ್ರತಿ ತಳ್ಳಿಗೆ ಸ್ವಲ್ಪವೇ ಸ್ಟೀಮ್ ಬಿಟ್ಟು, ಉಳಿದ ದೂರ ಅದು ಹಿಗ್ಗುತ್ತಾ ತಳ್ಳುವಂತೆ ಮಾಡುತ್ತಾನೆ. ಸ್ಟೀಮ್ ಉಳಿಯುತ್ತದೆ, ಆದರೆ ಬಲ ಇಳಿಯುತ್ತದೆ.

ಡಬ್ಲ್ಯೂಜಿಯ ಗ್ರೇಟ್ ಸುಮಾರು 46 ಚದರ ಅಡಿ. ಗಂಟೆಗೆ ಚದರ ಅಡಿಗೆ 80 ಪೌಂಡ್ ಕಲ್ಲಿದ್ದಲು ಸುಟ್ಟರೆ ಒಟ್ಟು 1,600 ಕೆಜಿ ಮೇಲಾಗುತ್ತದೆ. ಅಷ್ಟನ್ನೂ ಸಲಿಕೆಯಿಂದ ಎತ್ತಿ ಹಾಕಬೇಕು. ಈ ಎಂಜಿನ್‌ಗಳಲ್ಲಿ ಡ್ರೈವರ್ ಜೊತೆ ಇಬ್ಬರು ಫೈರ್‌ಮನ್ ಇರುತ್ತಿದ್ದರು. ಒಬ್ಬರು ಬೆಂಕಿಗೆ ಹಾಕಿದರೆ, ಇನ್ನೊಬ್ಬರು ಟೆಂಡರಿನಲ್ಲಿ, ಅಂದರೆ ಎಂಜಿನ್ ಹಿಂದಿನ ಕಲ್ಲಿದ್ದಲು-ನೀರಿನ ಬಂಡಿಯಲ್ಲಿ, ಕಲ್ಲಿದ್ದಲು ಒಡೆದು ಮುಂದಕ್ಕೆ ತಳ್ಳುತ್ತಿದ್ದರು. ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ, ಎದುರಿಗೆ ತೆರೆದ ಬೆಂಕಿಬಾಗಿಲು ಇಟ್ಟುಕೊಂಡು, ಗಂಟೆಗೆ ಒಂದೂವರೆ ಟನ್ನಿಗೂ ಮಿಕ್ಕಿ! ಅದೂ ಸುಮ್ನೆ ಎಸೆದರೆ ಆಗುವುದಿಲ್ಲ. ಗ್ರೇಟಿನ ಮೂಲೆಮೂಲೆಗೂ ತೆಳುವಾಗಿ, ಸಮನಾಗಿ ಬೀಳಬೇಕು. ಎಲ್ಲಾದರೂ ತೂತು ಬಿದ್ದರೆ ತಣ್ಣನೆಯ ಗಾಳಿ ನುಗ್ಗಿ ಒತ್ತಡ ಕುಸಿಯುತ್ತದೆ. ಎಂಜಿನ್ ಎಷ್ಟು ಲೋಡ್ ಎಳೆಯುತ್ತದೆ ಎಂಬ ಪ್ರಶ್ನೆಗೆ ನಿಮ್ಮ ಅಜ್ಜನ ತೋಳು, ಕಣ್ಣು ಉತ್ತರದ ಒಂದು ಭಾಗ. ಇದನ್ನು ಗೌರವಕ್ಕೆಂದು ಹೇಳುತ್ತಿಲ್ಲ, ಲೆಕ್ಕದಲ್ಲೇ ಇದೆ.

ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ. ಕೆಜಿಗೆ 5,500 ಕಿಲೋ ಕ್ಯಾಲೊರಿ ಹಿಡಿಯೋಣ. ಉಗಿ ಎಂಜಿನ್ ಈ ಶಾಖದಲ್ಲಿ ನೂರಕ್ಕೆ ಆರೇಳು ಭಾಗವನ್ನಷ್ಟೇ ಗಾಲಿಗೆ ಮುಟ್ಟಿಸುತ್ತದೆ. ಉಳಿದದ್ದು ಹೊಗೆಯಲ್ಲಿ, ಹೊರಗೆ ಬಿಡುವ ಸ್ಟೀಮಿನಲ್ಲಿ ಹೋಗುತ್ತದೆ. ನೂರಕ್ಕೆ 7 ಎಂದು ಗುಣಿಸಿದರೆ ಗಾಲಿಯ ಅಂಚಿನಲ್ಲಿ ಹತ್ತಿರ ಹತ್ತಿರ 1,000 ಎಚ್‌ಪಿ ಬರುತ್ತದೆ. ಇದು ಅಂದಾಜು. ಒಳ್ಳೆಯ ಕಲ್ಲಿದ್ದಲು, ಒಳ್ಳೆಯ ಕೈ ಸಿಕ್ಕರೆ ಮೇಲೆ ಹೋಗುತ್ತದೆ. ನಮ್ಮ ಕಡೆಯ ಕೊಳವೆಬಾವಿಗಳಂಥ ಗಡಸು ನೀರು ಹಾಕಿ, ಬಾಯ್ಲರ್ ಒಳಗೆ ಪದರ ಕಟ್ಟಿಕೊಂಡರೆ ಕೆಳಗೆ ಇಳಿಯುತ್ತದೆ.

ಎಚ್‌ಪಿ ಗೊತ್ತಾದರೆ ಯಾವುದೇ ವೇಗದಲ್ಲಿ ಬಲ ಎಷ್ಟು ಎಂದು ಹೇಳಬಹುದು: ಎಚ್‌ಪಿ × 270 ÷ ಗಂಟೆಗೆ ಕಿ.ಮೀ. ವೇಗ. ಬಲ ಕೆಜಿಯಲ್ಲಿ ಬರುತ್ತದೆ. 25 ಕಿ.ಮೀ. ವೇಗದಲ್ಲಿ 10,800 ಕೆಜಿ. 40ರಲ್ಲಿ 6,750. 60ರಲ್ಲಿ ಬರೀ 4,500. ಎಲ್ಲಿದೆ ಆ 17,600? ಸುಮಾರು 15 ಕಿ.ಮೀ. ವೇಗ ದಾಟುವ ಹೊತ್ತಿಗೆ ಅದು ಮುಗಿಯಿತು. ಅದಕ್ಕಿಂತ ನಿಧಾನವಾದಾಗ ಸಿಲಿಂಡರ್ ಮತ್ತು ಹಳಿಯ ಮಾತು, ಜೋರಾದಾಗ ಬಾಯ್ಲರಿನ ಮಾತು.

ಈಗ ದಾರಿಯ ಕಡೆ ಬರೋಣ. ಏರಿನ ಲೆಕ್ಕ ಬಹಳ ಸುಲಭ. 100 ಮೀಟರ್ ಹೋದಾಗ 1 ಮೀಟರ್ ಏರುವ ದಾರಿಗೆ "100ಕ್ಕೆ 1" ಎನ್ನುತ್ತಾರೆ. ಅಲ್ಲಿ ಪ್ರತಿ ಟನ್ ಹಿಂದಕ್ಕೆ ಜಗ್ಗುವ ಬಲ 10 ಕೆಜಿ. 200ಕ್ಕೆ 1 ಆದರೆ 5 ಕೆಜಿ. 1,000ವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಮುಗಿಯಿತು. ಕಣ್ಣಿಗೆ ಸಪಾಟಾಗಿ ಕಾಣುವ 200ಕ್ಕೆ 1ರ ಏರು, ಉರುಳುವ ತಡೆಗಿಂತ ಜಾಸ್ತಿ ಜಗ್ಗುತ್ತದೆ. ಗುಡ್ಡ ಕಂಡರೆ ಮಾತ್ರ ಏರು ಎಂದುಕೊಳ್ಳುವವರಿಗೆ ಇದು ನಂಬಲು ಕಷ್ಟ. ಏರಿನಲ್ಲಿ ಎಂಜಿನ್ ತನ್ನ ತೂಕವನ್ನೂ ಹೊತ್ತು ಹತ್ತಬೇಕು. ಡಬ್ಲ್ಯೂಜಿ ಟೆಂಡರ್ ಸೇರಿ ಸುಮಾರು 175 ಟನ್.

25 ಕಿ.ಮೀ. ವೇಗ, 10,800 ಕೆಜಿ ಬಲ ಇಟ್ಟುಕೊಂಡು ಲೆಕ್ಕ ಹಾಕೋಣ. ಡಬ್ಬಿಗಳಿಗೆ ಟನ್‌ಗೆ 3 ಕೆಜಿ, ಎಂಜಿನ್‌ಗೆ 5 ಕೆಜಿ ಉರುಳುವ ತಡೆ ಹಿಡಿಯುತ್ತೇನೆ. 200ಕ್ಕೆ 1ರ ಏರಿನಲ್ಲಿ ಎಂಜಿನ್‌ಗೇ ಟನ್‌ಗೆ 10 ಕೆಜಿಯಂತೆ 1,750 ಕೆಜಿ ಹೋಯಿತು. ಉಳಿದದ್ದು 9,050. ಡಬ್ಬಿಗಳಿಗೆ ಟನ್‌ಗೆ 8 ಕೆಜಿ ಬೇಕು. ಭಾಗಿಸಿದರೆ 1,130 ಟನ್. ಇದೇ ರೀತಿ 100ಕ್ಕೆ 1ರಲ್ಲಿ ಸುಮಾರು 630 ಟನ್. 60ಕ್ಕೆ 1ರಲ್ಲಿ ಸುಮಾರು 355 ಟನ್. ಸಮತಟ್ಟು ದಾರಿಯಲ್ಲಿ 3,300 ಟನ್ ಎಂದು ಬರುತ್ತದೆ! ಅದೇ ಎಂಜಿನ್, ಅದೇ ಬೆಂಕಿ, ಅದೇ ವೇಗ.

ವೇಗ ಬದಲಿಸಿ ನೋಡಿ. 200ಕ್ಕೆ 1ರ ಏರನ್ನು 25ರ ಬದಲು 40 ಕಿ.ಮೀ. ವೇಗದಲ್ಲಿ ಹತ್ತಬೇಕು ಅಂದರೆ ಬಲ 6,750ಕ್ಕೆ ಇಳಿಯುತ್ತದೆ, ಉರುಳುವ ತಡೆಯೂ ಟನ್‌ಗೆ ಒಂದು ಕೆಜಿಯಷ್ಟು ಏರುತ್ತದೆ. ಲೋಡ್ 1,130ರಿಂದ 540ರ ಹತ್ತಿರಕ್ಕೆ ಬಂತು. ಅರ್ಧಕ್ಕಿಂತ ಕಡಿಮೆ. ಗೂಡ್ಸ್ ಗಾಡಿಗಳು ತೆವಳಿಕೊಂಡು ಹೋಗುತ್ತಿದ್ದುದಕ್ಕೆ ಸೋಮಾರಿತನ ಕಾರಣ ಅಲ್ಲ, ಈ ಭಾಗಾಕಾರ ಕಾರಣ.

ಆದರೆ ಸಮತಟ್ಟಿನ 3,300 ಟನ್ನನ್ನು ನಂಬಬೇಡಿ. ಓಡುತ್ತಿರುವ ಗಾಡಿಯನ್ನು ಓಡಿಸಿಕೊಂಡು ಹೋಗುವುದು ಬೇರೆ, ನಿಂತದ್ದನ್ನು ಹೊರಡಿಸುವುದು ಬೇರೆ. ಹಳೆಯ ಡಬ್ಬಿಗಳಲ್ಲಿ ಆಕ್ಸಲ್ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಅದ್ದಿದ ನೂಲಿನ ಗಂಟು ಇರುತ್ತಿತ್ತು. ಗಾಡಿ ನಿಂತರೆ ಬೇರಿಂಗ್ ಮತ್ತು ಆಕ್ಸಲ್ ನಡುವಿನ ಎಣ್ಣೆ ಹಿಂಡಿ ಹೊರಗೆ ಹೋಗುತ್ತದೆ. ಮತ್ತೆ ಹೊರಡುವಾಗ ಟನ್‌ಗೆ 8 ಕೆಜಿ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಒಣ ಹಳಿಯಲ್ಲಿ 17,600 ಕೆಜಿ ಪೂರಾ ಬಲ ಹಾಕಿದರೂ ಸಮತಟ್ಟಿನಲ್ಲಿ ಹೊರಡಿಸಬಹುದಾದದ್ದು ಸುಮಾರು 2,000 ಟನ್. ಆಗಿನ ನಾಲ್ಕು ಗಾಲಿಯ ಗೂಡ್ಸ್ ಡಬ್ಬಿಯಲ್ಲಿ 22 ಟನ್ ಸರಕು ಹಿಡಿಯುತ್ತಿತ್ತು. ಡಬ್ಬಿಯ ತೂಕ ಸೇರಿ ಸುಮಾರು 32 ಟನ್. ಅಂಥ 60 ಡಬ್ಬಿ ಎಂದರೆ 1,920 ಟನ್. ನಿಮ್ಮ ಅಜ್ಜನ ಮೊದಲ ಮಾತು ಲೆಕ್ಕಕ್ಕೆ ಕೂತಿತು.

ಇಲ್ಲಿ ಡ್ರೈವರ್‌ಗಳ ಒಂದು ಜಾಣತನ ಹೇಳಲೇಬೇಕು. ಆ ಡಬ್ಬಿಗಳ ನಡುವಿನ ಕೊಂಡಿಗಳಲ್ಲಿ ಸ್ವಲ್ಪ ಸಡಿಲ ಇರುತ್ತಿತ್ತು. ಹೊರಡುವ ಮುಂಚೆ ಎಂಜಿನ್ ಒಂಚೂರು ಹಿಂದಕ್ಕೆ ಒತ್ತಿ ಬಫರ್‌ಗಳನ್ನು ಕೂಡಿಸುತ್ತಿದ್ದರು. ಆಮೇಲೆ ಸಿಲಿಂಡರ್‌ಗೆ ಸ್ಟೀಮ್ ಬಿಡುವ ರೆಗ್ಯುಲೇಟರ್ ಮೆಲ್ಲಗೆ ತೆರೆದರೆ ಒಂದು ಡಬ್ಬಿ ಹೊರಟು, ಅದು ತನ್ನ ಹಿಂದಿನದನ್ನು ಜಗ್ಗಿ, ಹೀಗೆ ಒಂದೊಂದಾಗಿ ಗಾಡಿ ಚಲಿಸುತ್ತಿತ್ತು. 60 ಡಬ್ಬಿಯನ್ನು ಒಟ್ಟಿಗೆ ಹೊರಡಿಸಬೇಕಾಗುತ್ತಿರಲಿಲ್ಲ. ಅವಸರ ಮಾಡಿದರೆ ಮಾತ್ರ ಕೊಂಡಿ ತುಂಡಾಗುತ್ತಿತ್ತು.

ಈಗ ಆ 20 ಡಬ್ಬಿ. ತುಂಬಿದ್ದರೆ 640 ಟನ್. 100ಕ್ಕೆ 1ರ ಏರಿನಲ್ಲಿ ಸಿಗ್ನಲ್ ಬಿದ್ದಿಲ್ಲ ಎಂದು ಗಾಡಿ ನಿಂತಿದೆ ಎಂದುಕೊಳ್ಳಿ. ಹೊರಡಲು ಏರಿಗೆ ಟನ್‌ಗೆ 10, ತಡೆಗೆ 8, ಒಟ್ಟು 18 ಕೆಜಿ. ಎಂಜಿನ್ ಸೇರಿ 815 ಟನ್. ಬೇಕಾದ ಬಲ 14,670 ಕೆಜಿ. ಒಣ ಹಳಿ, ಬಾಯ್ಲರ್ ತುಂಬಾ ಸ್ಟೀಮ್ ಇದ್ದರೆ ಹೊರಡುತ್ತದೆ. ಇಬ್ಬನಿ ಬಿದ್ದ ಬೆಳಗಿನ ಜಾವ ಹಳಿ ಕೊಡುವುದು 11,250 ಮಾತ್ರ. ಗಾಲಿ ಜಾರುತ್ತದೆ. ಹಳಿ ಒಣಗಿದ್ದರೂ ಒತ್ತಡ 210ರಿಂದ 160ಕ್ಕೆ ಇಳಿದಿದ್ದರೆ ಸಿಲಿಂಡರ್ ಬಲ ಅದೇ ಪ್ರಮಾಣದಲ್ಲಿ 13,400ಕ್ಕೆ ಇಳಿಯುತ್ತದೆ. ಆಗಲೂ ಆಗುವುದಿಲ್ಲ. ಅಜ್ಜನ ಗಾಡಿ ಯಾವ ಕಾರಣಕ್ಕೆ ನಿಂತಿತ್ತೋ, ಈ ಎರಡರಲ್ಲಿ ಒಂದು ಇದ್ದರೆ ಸಾಕಿತ್ತು. ಆಗ ಗಾಡಿಯನ್ನು ಎರಡು ಭಾಗ ಮಾಡಿ ಒಂದೊಂದಾಗಿ ಮುಂದಿನ ಸ್ಟೇಷನ್‌ಗೆ ಒಯ್ಯಬೇಕು, ಅಥವಾ ಇನ್ನೊಂದು ಎಂಜಿನ್ ಬರಬೇಕು.

ನಿಲ್ಲದೆ ಬಂದಿದ್ದರೆ ಕಥೆ ಬೇರೆ. ರಾಯಚೂರು ಎರಡು ನದಿಗಳ ನಡುವಿನ ಸೀಮೆ. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದರಾಸಿನಿಂದ ಬಂದ ಮದ್ರಾಸ್ ರೈಲ್ವೆ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲೇ. ಉತ್ತರಕ್ಕೆ ಹೋದರೆ ಕೃಷ್ಣಾ, ದಕ್ಷಿಣಕ್ಕೆ ಹೋದರೆ ತುಂಗಭದ್ರಾ. ನದಿಯ ಕಡೆ ಇಳಿದ ಲೈನು ಆಚೆ ದಡದಿಂದ ಮತ್ತೆ ಏರಲೇಬೇಕು. ಇಳಿಜಾರಿನಲ್ಲಿ ಗಳಿಸಿದ ವೇಗ ಇಲ್ಲಿ ಕೆಲಸಕ್ಕೆ ಬರುತ್ತದೆ. 50 ಕಿ.ಮೀ. ವೇಗದಲ್ಲಿ ಏರಿನ ಬುಡಕ್ಕೆ ಬಂದ ಗಾಡಿ 20ಕ್ಕೆ ಇಳಿಯುವಷ್ಟರಲ್ಲಿ, ಆ ಓಟದ ಬಲದಿಂದಲೇ ಸುಮಾರು 8 ಮೀಟರ್ ಎತ್ತರ ಹತ್ತಬಲ್ಲದು. 100ಕ್ಕೆ 1ರ ಏರಿನಲ್ಲಿ ಅದು 800 ಮೀಟರ್ ದಾರಿ. ಅಷ್ಟು ದೂರ ಎಂಜಿನ್ ಉರುಳುವ ತಡೆಯನ್ನಷ್ಟೇ ನೋಡಿಕೊಂಡರೆ ಸಾಕು. ಚಿಕ್ಕ ಏರುಗಳನ್ನು ಹೀಗೇ ದಾಟುತ್ತಿದ್ದರು. ಆದರೆ ಸೇತುವೆಯ ಮೇಲೆ ವೇಗ ಕಡಿಮೆ ಮಾಡಬೇಕು ಎಂದಿದ್ದರೆ, ಅಥವಾ ಏರಿನ ಬುಡದಲ್ಲೇ ಸಿಗ್ನಲ್ ನಿಲ್ಲಿಸಿದರೆ, ಆ ಲಾಭ ಪೂರಾ ಹೋಯಿತು. ಹಾಗಾಗಿ ಒಂದು ಸೆಕ್ಷನ್ನಿನ ಲೋಡ್ ಗೊತ್ತುಮಾಡುವಾಗ ಅಲ್ಲಿನ ಅತಿ ಕಷ್ಟದ ಉದ್ದ ಏರನ್ನೇ ಹಿಡಿಯುತ್ತಾರೆ. ಉಳಿದ ನೂರು ಕಿ.ಮೀ. ಸಪಾಟಾಗಿದ್ದರೂ ಲೆಕ್ಕಕ್ಕಿಲ್ಲ.

ತಿರುವುಗಳನ್ನೂ ಸೇರಿಸಿ. ಬ್ರಾಡ್‌ಗೇಜಿನಲ್ಲಿ ಪ್ರತಿ ಡಿಗ್ರಿ ತಿರುವಿಗೆ ಟನ್‌ಗೆ 0.4 ಕೆಜಿ ಹಿಡಿಯುತ್ತಾರೆ, ಮೀಟರ್‌ಗೇಜಿನಲ್ಲಿ 0.3. ಏರಿನಲ್ಲೇ ತಿರುವು ಇದ್ದರೆ ಎರಡನ್ನೂ ಕೂಡಬೇಕು. ಗಾಳಿಯ ಲೆಕ್ಕ ಕಷ್ಟ. ಆದರೆ ಇವತ್ತು ಗಾಳಿಯಂತ್ರ ನಿಲ್ಲಿಸಿರುವ ಕೊಪ್ಪಳ–ಗದಗ ಸೀಮೆಯ ಬಯಲಿನಲ್ಲಿ ಪಕ್ಕದಿಂದ ಬೀಸುವ ಗಾಳಿ ಗಾಲಿಯ ಅಂಚನ್ನು ಹಳಿಗೆ ಒತ್ತಿ ಹಿಡಿಯುತ್ತದೆ, ಖಾಲಿ ಡಬ್ಬಿಗಳಿಗಂತೂ ಜಾಸ್ತಿ.

ಡಬ್ಬಿ ಎಣಿಸಿ ಲೋಡ್ ಹೇಳುವ ಅಭ್ಯಾಸದ ಬಗ್ಗೆ ಒಂದು ಎಚ್ಚರಿಕೆ. ಸೊಂಡೂರಿನ ಕಬ್ಬಿಣದ ಅದಿರು ತುಂಬಿದ ವ್ಯಾಗನ್ ನೋಡಿದ್ದೀರಾ? ಅರ್ಧ ಖಾಲಿ ಇದೆ ಅನ್ನಿಸುತ್ತದೆ. ಅದಿರು ಅಷ್ಟು ಭಾರ, ಅಷ್ಟಕ್ಕೇ ತೂಕದ ಮಿತಿ ಮುಟ್ಟಿರುತ್ತದೆ. ಎಂಟು ಗಾಲಿಯ ಬಾಕ್ಸ್ ವ್ಯಾಗನ್ ತುಂಬಿದರೆ 81 ಟನ್. ಅಂಥ 25 ವ್ಯಾಗನ್‌ಗೇ 2,000 ಟನ್ ದಾಟಿತು. ಅದೇ ನಮ್ಮ ಕಡೆಯ ಹತ್ತಿ ತುಂಬಿದರೆ ಡಬ್ಬಿ ಬಾಗಿಲವರೆಗೂ ತುಂಬಿಯೂ ತೂಕ ಮಿತಿಗಿಂತ ಕೆಳಗೇ ಇರುತ್ತದೆ. ಆದ್ದರಿಂದ ಹಿರಿಯರು ಡಬ್ಬಿ ಎಷ್ಟು ಎಂದು ಹೇಳಿದಾಗ, ಒಳಗೆ ಏನಿತ್ತು ಎಂದು ಕೇಳಿ.

ಇಳಿಜಾರೂ ಲೋಡನ್ನು ಕಡಿಮೆ ಮಾಡುತ್ತದೆ. ಬಳ್ಳಾರಿ–ಹೊಸಪೇಟೆ ಸೀಮೆಯ ಅದಿರು ಮರ್ಮಗೋವಾ ಬಂದರಿಗೆ ಹೋಗುವಾಗ ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಬ್ರಗಾಂಜಾ ಘಾಟಿ ಇಳಿಯಬೇಕು. ಅಲ್ಲಿ 37ಕ್ಕೆ 1. ಟನ್‌ಗೆ 27 ಕೆಜಿ ಮುಂದಕ್ಕೆ ನೂಕುತ್ತದೆ. ಇಳಿಯುವಾಗ ಎಂಜಿನ್ ಎಷ್ಟು ಎಳೆಯುತ್ತದೆ ಎಂಬುದು ಪ್ರಶ್ನೆಯೇ ಅಲ್ಲ, ಬ್ರೇಕ್ ಎಷ್ಟು ಹಿಡಿಯುತ್ತದೆ ಎಂಬುದೇ ಎಲ್ಲ. ಹಳೆಯ ವ್ಯಾಕ್ಯೂಮ್ ಬ್ರೇಕಿನಲ್ಲಿ ಉದ್ದ ಗಾಡಿಯ ಕೊನೆಯ ಡಬ್ಬಿಗೆ ಬ್ರೇಕ್ ಮುಟ್ಟಲು ಹೊತ್ತು ಹಿಡಿಯುತ್ತಿತ್ತು. ವಾಪಸ್ ಹತ್ತುವಾಗ? ಅಲ್ಲಿ ಆಗ ಇದ್ದ ಮೀಟರ್‌ಗೇಜಿನ ವೈಜಿ ಎಂಜಿನ್ನಿನ ಬಲ ಸುಮಾರು 10 ಟನ್, ತೂಕ ಸುಮಾರು 100 ಟನ್ ಎಂದು ಹಿಡಿದರೆ, ತೆವಳುವ ವೇಗದಲ್ಲಿ ಆ ಏರಿಗೆ ಒಂದು ಎಂಜಿನ್‌ಗೆ 200 ಟನ್ ಚಿಲ್ಲರೆ ಬರುತ್ತದೆ. ಘಾಟಿಯಲ್ಲಿ ಮುಂದೆ ಹಿಂದೆ ಎಂಜಿನ್ ಕಟ್ಟುವುದಕ್ಕೆ ಇದೇ ಕಾರಣ. ಹಿಂದಿನಿಂದ ತಳ್ಳುವ ಎಂಜಿನ್ ಮುಂದಿನ ಕೊಂಡಿಗಳ ಮೇಲಿನ ಭಾರವನ್ನೂ ಇಳಿಸುತ್ತದೆ.

ಡೀಸೆಲ್ ಬಂದಾಗ ಗೂಡ್ಸ್ ಲೋಡ್ ಏಕೆ ಒಮ್ಮೆಲೇ ಏರಿತು ಎಂಬುದೂ ಈ ಲೆಕ್ಕದಲ್ಲೇ ಇದೆ. ಡಬ್ಲ್ಯೂಡಿಎಂ-2 ಎಂಜಿನ್ 2,600 ಎಚ್‌ಪಿಯದು, ತೂಕ ಸುಮಾರು 113 ಟನ್. ಆರೂ ಆಕ್ಸಲ್‌ಗೆ ಮೋಟಾರ್ ಇದೆ, ಹಾಗಾಗಿ ಅಷ್ಟೂ ತೂಕ ಹಿಡಿತಕ್ಕೆ ಬರುತ್ತದೆ. ಹೊರಡುವಾಗ 30 ಟನ್ ಬಲ. 175 ಟನ್ನಿನ ಡಬ್ಲ್ಯೂಜಿಯಲ್ಲಿ ಹಿಡಿತಕ್ಕೆ ಬರುವುದು 75 ಟನ್ ಮಾತ್ರ. ಉಳಿದದ್ದು ಕಲ್ಲಿದ್ದಲು, ನೀರು, ಟೆಂಡರ್, ಮುಂದಿನ ಹಿಂದಿನ ಚಿಕ್ಕ ಗಾಲಿಗಳು.

ರೈಲ್ವೆಯವರು ಬರೀ ಕಾಗದದ ಲೆಕ್ಕ ನಂಬುತ್ತಿರಲಿಲ್ಲ. ಎಂಜಿನ್ ಮತ್ತು ಗಾಡಿಯ ನಡುವೆ ಡೈನಮೋಮೀಟರ್ ಕಾರ್ ಎಂಬ ಬೋಗಿ ಕಟ್ಟಿ, ಕೊಂಡಿಯ ಮೇಲೆ ನಿಜವಾಗಿ ಎಷ್ಟು ಎಳೆತ ಬೀಳುತ್ತದೆ ಎಂದು ಓಡುತ್ತಲೇ ಅಳೆಯುತ್ತಿದ್ದರು. ಆಮೇಲೆ ಕೆಟ್ಟ ಕಲ್ಲಿದ್ದಲಿಗೆ, ಮಳೆಗೆ, ಸವೆದ ಎಂಜಿನ್‌ಗೆ ಸ್ವಲ್ಪ ಕಳೆದು, ಪ್ರತಿ ಸೆಕ್ಷನ್‌ಗೆ ಪ್ರತಿ ಜಾತಿಯ ಎಂಜಿನ್‌ಗೆ ಲೋಡ್ ಬರೆದು ವರ್ಕಿಂಗ್ ಟೈಮ್‌ಟೇಬಲಿನಲ್ಲಿ ಹಾಕುತ್ತಿದ್ದರು. ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಅಂಥದ್ದೊಂದು ಪುಸ್ತಕ ಇದ್ದರೆ ಜೋಪಾನ ಮಾಡಿ. ಏರು ಎಷ್ಟಿದೆ ಎಂದು ತಿಳಿಯಲು ಹಳಿ ಪಕ್ಕದ ಗ್ರೇಡಿಯಂಟ್ ಪೋಸ್ಟ್ ನೋಡಬಹುದು. ಅದರ ಕೈಯ ಮೇಲೆ 200 ಎಂದಿದ್ದರೆ 200ಕ್ಕೆ 1. ಪ್ಲಾಟ್‌ಫಾರಂನಿಂದ ಅಥವಾ ಗಾಡಿಯ ಕಿಟಕಿಯಿಂದಲೇ ನೋಡಿ, ಹಳಿಗೆ ಇಳಿಯಬೇಡಿ.

ಬಳ್ಳಾರಿ, ಕೊಪ್ಪಳ ಕಡೆಯ ಬೇರೆ ಓದುಗರಿಗೂ ಒಂದು ಲೆಕ್ಕ ಕೊಡುತ್ತೇನೆ. ಬಳ್ಳಾರಿ–ಹೊಸಪೇಟೆ–ಕೊಪ್ಪಳ–ಗದಗ ಲೈನನ್ನು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಮೀಟರ್‌ಗೇಜಿನಲ್ಲಿ ಹಾಕಿತ್ತು. ಮೀಟರ್‌ಗೇಜಿನ ಪ್ಯಾಸೆಂಜರ್ ಗಾಡಿಗಳ ಪ್ರಸಿದ್ಧ ಎಂಜಿನ್ ವೈಪಿ. ಸಿಲಿಂಡರ್ 15.25 ಇಂಚು, ಸ್ಟ್ರೋಕ್ 24, ಗಾಲಿ 54, ಒತ್ತಡ ಅದೇ 210. ಸೂತ್ರಕ್ಕೆ ಹಾಕಿದರೆ 18,450 ಪೌಂಡ್, ಸುಮಾರು 8,400 ಕೆಜಿ. ಮೂರು ಚಾಲಕ ಆಕ್ಸಲ್ ಮೇಲಿನ ತೂಕ 32 ಟನ್ನಿನಷ್ಟು, ಗ್ರೇಟ್ 28 ಚದರ ಅಡಿ. ಡಬ್ಲ್ಯೂಜಿಯ ಗ್ರೇಟಿಗೆ ಹೋಲಿಸಿದರೆ 600 ಎಚ್‌ಪಿ ಸಿಗುತ್ತದೆ. ಟೆಂಡರ್ ಸೇರಿ ಎಂಜಿನ್ 100 ಟನ್ ಎಂದುಕೊಂಡು, 100ಕ್ಕೆ 1ರ ಏರಿನಲ್ಲಿ 25 ಕಿ.ಮೀ. ವೇಗಕ್ಕೆ ಲೆಕ್ಕ ಹಾಕಿದರೆ ಸುಮಾರು 380 ಟನ್ ಬರುತ್ತದೆ. ಜನ ತುಂಬಿದ ಮೀಟರ್‌ಗೇಜ್ ಬೋಗಿಗೆ 30 ಟನ್ ಹಿಡಿದರೆ ಹನ್ನೆರಡು ಬೋಗಿ.